ಅಪ್ಪನ ಮಾತ್ರೆ ಕವರು, ನನ್ನ ಅರ್ಜಿ

ಪಿಯುಸಿ ರಿಸಲ್ಟ್ ಬಂದ ಮೇಲೆ ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ. "ನೀಟ್ ಏನಾಯ್ತಮ್ಮಾ?" ಸರ್ಕಾರಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ ಅನ್ನುತ್ತಿದ್ದೆ. "ಹಾಗಾದ್ರೆ ನರ್ಸಿಂಗಾ?" ಅಲ್ಲ, ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸಿಗೆ, ಡಾಕ್ಟರ ಕೈಕೆಳಗೆ ರೋಗಿಗಳನ್ನು ನೋಡಿಕೊಳ್ಳುವ ಕೆಲಸದ ಓದಿಗೆ ಅರ್ಜಿ ಹಾಕುತ್ತಿದ್ದೀನಿ ಅಂದರೆ ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು. ಶ್ರೀನಿವಾಸಪುರದ ಕಡೆ ಆ ಹೆಸರು ಕೇಳಿದವರೇ ಕಡಿಮೆ. ನನಗೂ ಅದು ಗೊತ್ತಾಗಿದ್ದು ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ.

ಅಪ್ಪನಿಗೆ ಬಿಪಿ ಇದೆ. ಆ ವರ್ಷ ಎರಡೂ ಕಾಲು ಊದಿಕೊಂಡು ಚಪ್ಪಲಿಯೇ ಹಿಡಿಸುತ್ತಿರಲಿಲ್ಲ. ಕಿಡ್ನಿ ಇರಬೇಕು ಅಂತ ಒಬ್ಬರು, ಹಾರ್ಟ್ ಇರಬೇಕು ಅಂತ ಇನ್ನೊಬ್ಬರು. ಅಮ್ಮ ರಾತ್ರಿ ನಿದ್ದೆ ಮಾಡುವುದನ್ನೇ ಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಬರುವ ಮುಂಚೆ ಬಿಳಿ ಕೋಟು ಹಾಕಿದ್ದ ಒಬ್ಬ ಅಕ್ಕ ಬಂದು ಅಪ್ಪನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಅಪ್ಪನಿಗೆ ತೆಲುಗೇ ಸಲೀಸು ಅಂತ ಎರಡು ಮಾತಿಗೇ ಗೊತ್ತಾಗಿರಬೇಕು, ಅವರೂ ತೆಲುಗಿಗೆ ಬಂದರು. "ನಾಯ್ನಾ" ಅಂತ ಕರೆದೇ ಮಾತಾಡಿಸಿದರು. ಊತ ಯಾವಾಗ ಶುರುವಾಯ್ತು, ಮಲಗಿದರೆ ಉಸಿರು ಕಟ್ಟುತ್ತಾ, ಬೆಳಗ್ಗೆ ಎದ್ದಾಗ ಊತ ಕಡಿಮೆ ಇರುತ್ತಾ, ಮೂತ್ರ ಸರಿಯಾಗಿ ಹೋಗುತ್ತಾ. ಕಾಲಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಬಿಟ್ಟು, ಗುಣಿ ಎಷ್ಟು ಹೊತ್ತು ಉಳಿಯುತ್ತೆ ಅಂತ ನೋಡಿದರು.

ಆಮೇಲೆ ಮಾತ್ರೆ ಎಲ್ಲಿ ಅಂದರು. ಅಮ್ಮ ಪ್ಲಾಸ್ಟಿಕ್ ಕವರ್ ಕೊಟ್ಟಳು. ಅರ್ಧಂಬರ್ಧ ಕತ್ತರಿಸಿದ ಶೀಟುಗಳು, ಕೆಲವಕ್ಕೆ ಹೆಸರೇ ಇಲ್ಲ. ಅವರು ಎಲ್ಲವನ್ನೂ ಹಾಸಿಗೆ ಮೇಲೆ ಸುರಿದು ಒಂದೊಂದೇ ಜೋಡಿಸಿದರು. ಯಾವುದು ಬೆಳಗ್ಗೆ, ಯಾವುದು ರಾತ್ರಿ, ಯಾವುದನ್ನು ಯಾರು ಬರೆದುಕೊಟ್ಟಿದ್ದು. ಎರಡು ಶೀಟುಗಳನ್ನು ಪಕ್ಕಕ್ಕಿಟ್ಟು, ಹಿಂದೆ ಸಣ್ಣ ಅಕ್ಷರದಲ್ಲಿದ್ದದ್ದನ್ನು ಓದಿದರು. ಕಂಪನಿ ಬೇರೆ, ಬಣ್ಣ ಬೇರೆ. ಒಳಗಿದ್ದ ಔಷಧಿ ಮಾತ್ರ ಒಂದೇ, ಅಮ್ಲೋಡಿಪಿನ್. ಒಂದನ್ನು ಕೋಲಾರದಲ್ಲಿ ಬರೆಸಿಕೊಂಡಿದ್ದು, ಇನ್ನೊಂದನ್ನು ಚಿಂತಾಮಣಿಯಲ್ಲಿ. ಅಪ್ಪ ಎರಡನ್ನೂ ದಿನಾ ತಪ್ಪದೆ ನುಂಗುತ್ತಿದ್ದರು. ಬಿಪಿಯ ಆ ಮಾತ್ರೆಯಿಂದ ಕೆಲವರಿಗೆ ಕಾಲು ಊದುತ್ತೆ, ಡೋಸ್ ಜಾಸ್ತಿಯಾದಷ್ಟೂ ಊತ ಬರುವ ಸಾಧ್ಯತೆ ಹೆಚ್ಚು.

"ಇದನ್ನು ನಿಲ್ಲಿಸಿಬಿಡೋಣ್ವಾ?" ಅಂದೆ ನಾನು. "ಅದನ್ನು ನಾನು ಹೇಳುವ ಹಾಗಿಲ್ಲಮ್ಮಾ. ಡಾಕ್ಟರಿಗೆ ತೋರಿಸ್ತೀನಿ, ಅವರೇ ಹೇಳ್ತಾರೆ" ಅಂದರು. ಡಾಕ್ಟರು ಬಂದಾಗ ಅಪ್ಪನ ಕಥೆಯನ್ನೆಲ್ಲ ನಿಂತಲ್ಲೇ ಚುಟುಕಾಗಿ ಹೇಳಿ, ಆ ಎರಡು ಶೀಟು ಕೈಗೆ ಕೊಟ್ಟರು. ಕಿಡ್ನಿ, ಹಾರ್ಟ್ ಪರೀಕ್ಷೆಗಳೂ ಆದವು, ಏನೂ ತೊಂದರೆ ಕಾಣಲಿಲ್ಲ. ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದರು. ಊತ ನಿಧಾನವಾಗಿ ಇಳಿಯಿತು.

ಹೊರಡುವಾಗ ಆ ಅಕ್ಕನನ್ನು, ನೀವು ಏನು ಓದಿದ್ದೀರಿ ಅಂತ ಕೇಳಿದೆ. ಹೀಗೆ ನನಗೆ ಈ ಕೋರ್ಸಿನ ಹೆಸರು ಸಿಕ್ಕಿತು.

ಮನೆಗೆ ಬಂದು ಹುಡುಕಿ ಓದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ 1965ರಲ್ಲಿ ಮೊದಲ ತರಗತಿ ಶುರುಮಾಡಿದರು. ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಕೈ ಪಳಗಿದ್ದವರೇ ಅದರ ಮೊದಲ ವಿದ್ಯಾರ್ಥಿಗಳು. ನಮ್ಮ ದೇಶಕ್ಕೆ ಇದು ಬಂದಿದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರ ಮೂಲಕ. 2021ರಲ್ಲಿ ಸಂಸತ್ತು ಒಪ್ಪಿದ ಆರೋಗ್ಯ ವೃತ್ತಿಗಳ ಕಾನೂನಿನ ಪಟ್ಟಿಯಲ್ಲೂ ಈ ವೃತ್ತಿ ಇದೆ. ಅದನ್ನು ಅಪ್ಪನಿಗೆ ತೋರಿಸಿದ ಮೇಲೆ ಅಪ್ಪ, "ಸರ್ಕಾರದ ಲೆಕ್ಕದಲ್ಲಿ ಇದೆ ಅಲ್ವಾ, ಹಾಗಾದ್ರೆ ಹಾಕು" ಅಂದರು.

ದಾಖಲೆಗಳ ವಿಷಯ ಜಾಸ್ತಿ ಹೇಳಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪತ್ರಗಳಿಗೆ ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಬಿಇಒ ಸಹಿ. ಓಡಾಡಬೇಕು, ಆಗುತ್ತೆ. ಕಷ್ಟ ಆಗಿದ್ದು ಅರ್ಜಿಯ ಕೊನೆ ಪುಟ. "ಈ ಕೋರ್ಸನ್ನು ಯಾಕೆ ಆರಿಸಿಕೊಂಡಿರಿ, ನಿಮ್ಮ ಮಾತಿನಲ್ಲಿ ಬರೆಯಿರಿ" ಅಂತ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಸೈಬರ್ ಸೆಂಟರಿನ ಅಣ್ಣ, "ಬಡವರ ಸೇವೆ ಮಾಡುವ ಆಸೆ ಅಂತ ಬರಿ, ಎಲ್ಲರೂ ಅದನ್ನೇ ಬರೀತಾರೆ" ಅಂದರು. ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ಆದರೆ ನನ್ನ ಹತ್ತಿರ ಹೇಳಲಿಕ್ಕೆ ನಿಜವಾದದ್ದೇ ಇತ್ತು. ಮಾತ್ರೆ ಕವರಿನ ಕಥೆ ಬರೆದೆ.

ಸಂದರ್ಶನದ ದಿನ ಅಪ್ಪ ಬರಲು ಆಗಲಿಲ್ಲ. ತೋತಾಪುರಿ ಕೊಯ್ಲಿನ ಕಾಲ, ಮಂಡಿಗೆ ಗಾಡಿ ಹೋಗಬೇಕಿತ್ತು. ಅಮ್ಮ ನಾನು ಮೊದಲ ಬಸ್ಸಿಗೇ ಕೋಲಾರಕ್ಕೆ ಹೊರಟೆವು. ಕಾಲೇಜು ಹೆದ್ದಾರಿ ಪಕ್ಕ. ಒಳಗೆ ಮೂವರು ಕೂತಿದ್ದರು, ಇಬ್ಬರು ಡಾಕ್ಟರು, ಒಬ್ಬರು ಮೇಡಂ. ಮೇಡಂ ಕೈಯಲ್ಲಿ ನನ್ನ ಕೊನೆ ಪುಟ.

"ನೀಟ್‌ನಲ್ಲಿ ಸಿಗಲಿಲ್ಲ ಅಂತ ಇಲ್ಲಿಗೆ ಬಂದ್ಯಾ?" ಅಂತ ಮೊದಲು ಕೇಳಿದರು. ನೀಟ್ ಬರೆದಿದ್ದೂ ನಿಜ, ಈ ಕೆಲಸವನ್ನು ಕಣ್ಣಾರೆ ನೋಡಿ ಇಷ್ಟಪಟ್ಟಿದ್ದೂ ನಿಜ ಮೇಡಂ ಅಂದೆ. ಕೋರ್ಸ್ ಮುಗಿದ ಮೇಲೆ ಊರಲ್ಲಿ ಕ್ಲಿನಿಕ್ ಇಡಬಹುದಾ ಅಂದರು. ಇಲ್ಲ, ಡಾಕ್ಟರ ಕೈಕೆಳಗೇ ಕೆಲಸ ಅಂದೆ. "ಡಾಕ್ಟರು ಆಪರೇಷನ್‌ನಲ್ಲಿದ್ದಾರೆ, ಮನೆಯವರು ನೀವೇ ಮಾತ್ರೆ ಬರೆದುಕೊಡಿ ಅಂತ ಗಲಾಟೆ ಮಾಡ್ತಾರೆ. ಆಗ?" ಬರೆದುಕೊಡಲ್ಲ, ನಾಡಿ, ಬಿಪಿ, ಉಸಿರು ನೋಡಿ ಬರೆದಿಟ್ಟು ಡ್ಯೂಟಿ ಡಾಕ್ಟರನ್ನು ಕರೀತೀನಿ, ಮನೆಯವರಿಗೆ ಯಾಕೆ ತಡ ಅಂತ ಕೂತು ಹೇಳ್ತೀನಿ ಅಂದೆ.

ಆಮೇಲೆ ವಯಸ್ಸಾದ ಡಾಕ್ಟರು ಕೇಳಿದ್ದು ನನಗೆ ತುಂಬಾ ಹಿಡಿಸಿತು. "ನಿಮ್ಮೂರಿಂದ ಒಬ್ಬ ಅಜ್ಜಿ ಮಂಡಿನೋವು ಅಂತ ಬರ್ತಾರೆ. ಎಲ್ಲರನ್ನೂ ಕೇಳೋದು ಬಿಟ್ಟು, ನಿಮ್ಮ ಕಡೆಯವರು ಅಂತ ಜಾಸ್ತಿ ಏನು ಕೇಳ್ತೀಯಾ?"

ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಎರಡು ಕೇಳ್ತೀನಿ ಸರ್ ಅಂದೆ. ಕುಡಿಯೋದು ಯಾವ ನೀರು? ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿವೆ. ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಆದರೆ ಅದಕ್ಕಿಂತ ಜಾಸ್ತಿ ಇರುವ ನೀರನ್ನೇ ವರ್ಷಗಟ್ಟಲೆ ಕುಡಿದವರಿದ್ದಾರೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಮೂಳೆ, ಕೀಲು ಬಿಗಿದುಕೊಳ್ಳುವುದು. ಎರಡನೆಯದು, ನೋವಿಗೆ ಮೆಡಿಕಲ್ ಸ್ಟೋರಲ್ಲಿ ಏನು ತಗೊಳ್ತಾರೆ, ಎಷ್ಟು ದಿನದಿಂದ? ಚೀಟಿ ಇಲ್ಲದೆ ಬಿಡಿಬಿಡಿಯಾಗಿ ತಗೊಂಡ ನೋವಿನ ಮಾತ್ರೆಯನ್ನು ಮಾತ್ರೆ ಅಂತ ಯಾರೂ ಲೆಕ್ಕಕ್ಕೇ ಇಟ್ಟಿರಲ್ಲ. ಅದು ಕಿಡ್ನಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತೆ. "ಏನಾದ್ರೂ ಮಾತ್ರೆ ತಗೊಳ್ತೀರಾ" ಅಂದರೆ ಅಜ್ಜಿ ಇಲ್ಲ ಅಂತಾರೆ. "ನೋವು ಬಂದಾಗ ಅಂಗಡಿಯಿಂದ ಏನು ತರಿಸ್ತೀರಜ್ಜಿ" ಅಂತ ಕೇಳಬೇಕು.

ಅವರು ಪೆನ್ನು ಕೆಳಗಿಟ್ಟು, "ಇದನ್ನು ಫೈನಲ್ ಇಯರ್‌ನವರಿಗೂ ಹೇಳಿಕೊಡಬೇಕಾಗುತ್ತೆ" ಅಂತ ಪಕ್ಕದವರಿಗೆ ಹೇಳಿದರು. ನನಗೆ ಅಷ್ಟು ಹೊತ್ತಿನ ನಡುಕ ಆಗ ನಿಂತಿತು.

ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೀನಿ.

ಈಗ ನಮ್ಮ ಪಿಯು ಕಾಲೇಜಿನ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ. ಪಿಸಿಬಿ ಓದಿದವರಿಗೆ ಎಂಬಿಬಿಎಸ್, ನರ್ಸಿಂಗ್ ಎರಡೇ ದಾರಿ ಅಂತ ನಮ್ಮ ಕಡೆ ಯಾಕೆ ಅಂದುಕೊಂಡಿದ್ದಾರೋ, ನನಗೆ ನಿಜಕ್ಕೂ ಬೇಜಾರಾಗುತ್ತೆ. ಅವರಿಗೆ ನಾನು ಹೇಳುವುದು ಇದು. ದುಡ್ಡು ಕಟ್ಟುವ ಮುಂಚೆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಅಲ್ಲಿ ವಾರ್ಡುಗಳು ತುಂಬಿರುತ್ತವಾ ನೋಡಿ. ಯಾವ ವಿಶ್ವವಿದ್ಯಾಲಯದ ಮಾನ್ಯತೆ ಇದೆ ಅಂತ ಕಾಗದದಲ್ಲಿ ಕೇಳಿ, ಬಾಯಿಮಾತು ಬೇಡ. ಮೊದಲ ವರ್ಷದಿಂದಲೇ ವಾರ್ಡಿಗೆ ಕಳಿಸುತ್ತಾರಾ ಅಂತ ಸೀನಿಯರ್‌ಗಳನ್ನು ಕೇಳಿ. ಆಗುವುದಾದರೆ ಈ ಕೆಲಸ ಮಾಡುವ ಒಬ್ಬರ ಜೊತೆ ಒಂದು ಬೆಳಗ್ಗೆ ನಿಂತು ನೋಡಿ, ಆಮೇಲೆ ಕೊನೆ ಪುಟ ತುಂಬಿ.