ಹಳೆಯ ಉದ್ಯೋಗಿಯ ಗ್ರೀನ್ ಕಾರ್ಡಿಗೆ ನಾವು ಬರೆಯುವ ಪತ್ರ

ಮಂಗಳೂರಿನ ಬಿಜೈಯಲ್ಲಿರುವ ಸಾಫ್ಟ್‌ವೇರ್ ಕಂಪನಿಯೊಂದರ ಎಚ್.ಆರ್. ವಿಭಾಗದಲ್ಲಿ ನಾನಿದ್ದೇನೆ. ಇಲ್ಲಿ ಕೆಲಸ ಕಲಿತು ಅಮೆರಿಕಕ್ಕೆ ಹೋದವರು ಎಷ್ಟೋ ವರ್ಷಗಳ ಬಳಿಕ ಗ್ರೀನ್ ಕಾರ್ಡಿಗಾಗಿ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗಾಗಿ, ಅನುಭವ ಪತ್ರ ಕೇಳಿ ಇಮೇಲ್ ಕಳುಹಿಸುವುದು ನಮಗೆ ಹೊಸತಲ್ಲ. ಅಲ್ಲಿಯ ಕಂಪನಿಯೇ ಸ್ಪಾನ್ಸರ್ ಮಾಡುವಾಗ ಇಲ್ಲಿಯ ಕಾಗದ ಏಕೆ ಎಂದರೆ, ವಿದೇಶಿಯನ್ನು ಕಾಯಂ ಹುದ್ದೆಗೆ ತೆಗೆದುಕೊಳ್ಳಲು ಆ ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ಸಲ್ಲಿಸುವ ‘ಪರ್ಮ್’ ಎಂಬ ಅರ್ಜಿಯಲ್ಲಿ ಹುದ್ದೆಗೆ ಇಂತಿಷ್ಟು ವರ್ಷಗಳ ಅನುಭವ ಬೇಕೆಂದು ಬರೆದಿದ್ದರೆ, ಅರ್ಜಿ ಸಲ್ಲಿಸಿದ ದಿನಕ್ಕೆ ಅದು ಪೂರ್ಣಗೊಂಡಿರಬೇಕು. ಸ್ಪಾನ್ಸರ್ ಮಾಡುವ ಕಂಪನಿಯಲ್ಲೇ ಅದೇ ಬಗೆಯ ಹುದ್ದೆಯಲ್ಲಿ ಗಳಿಸಿದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಸ್ನಾತಕೋತ್ತರ ಪದವಿ ಇಲ್ಲದವರು ಉನ್ನತ ಪದವೀಧರರಿಗಿರುವ ಇಬಿ-2 ಎಂಬ ಗ್ರೀನ್ ಕಾರ್ಡ್ ವರ್ಗಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ ಪದವಿಯ ನಂತರದ 5 ವರ್ಷಗಳ ಅನುಭವ ತೋರಿಸಬೇಕಾಗುತ್ತದೆ.

‘ಶ್ರದ್ಧೆಯಿಂದ ದುಡಿದಿದ್ದಾರೆ, ಶುಭವಾಗಲಿ’ ಎನ್ನುವ ಮಾಮೂಲಿ ರಿಲೀವಿಂಗ್ ಲೆಟರ್ ಇದಕ್ಕೆ ಸಾಲದು. ಬರೆದವರ ಹೆಸರು, ಹುದ್ದೆ, ವಿಳಾಸದ ಜೊತೆಗೆ ಆ ವ್ಯಕ್ತಿ ನಿಜವಾಗಿ ಮಾಡುತ್ತಿದ್ದ ಕೆಲಸದ ವಿವರ ಇರಬೇಕು.

ಒಮ್ಮೆ ಹಳೆಯ ಉದ್ಯೋಗಿಯೊಬ್ಬರ ಪತ್ರಕ್ಕೆ ಅಲ್ಲಿಯ ವಕೀಲರ ಕಚೇರಿಯಿಂದ ಸಹಿ ಹಾಕಲು ಸಿದ್ಧವಾದ ಡ್ರಾಫ್ಟ್ ಬಂತು. ಅದರಲ್ಲಿ ಪೂರ್ತಿ ಅವಧಿಗೆ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂದಿತ್ತು. ಮಳೆಗಾಲದ ತೇವಕ್ಕೆ ಅಂಟಿಕೊಂಡಿದ್ದ ಅವರ ಕಡತದ ಹಾಳೆಗಳನ್ನು ಮೆಲ್ಲಗೆ ಬಿಡಿಸಿ ನೋಡಿದರೆ, ನೇಮಕಾತಿ ಪತ್ರದ ಪ್ರಕಾರ ಮೊದಲ ವರ್ಷದ ಹುದ್ದೆ ಟ್ರೈನಿ. ‘ಮೇಡಂ, ಆ ವರ್ಷವೂ ನಾನು ಕೋಡ್ ಬರೆದದ್ದೇ ಅಲ್ಲವೇ?’ ಎಂದು ಆ ಉದ್ಯೋಗಿ ಫೋನಿನಲ್ಲಿ ಕೇಳಿದರು. ಬರೆದದ್ದು ನಿಜ. ಆಗಿನ ತಂಡದ ಮುಖ್ಯಸ್ಥರು ಈಗ ಮಣಿಪಾಲದಲ್ಲಿದ್ದು, ಅವರಿಂದ ಅದನ್ನು ಖಚಿತಪಡಿಸಿಕೊಂಡು ಎರಡೂ ಅವಧಿಗಳನ್ನು ಬೇರೆ ಬೇರೆಯಾಗಿ, ಟ್ರೈನಿ ಎಂಬ ಹೆಸರನ್ನು ಉಳಿಸಿಕೊಂಡೇ ಬರೆದುಕೊಟ್ಟೆವು. ಆ ವರ್ಷವನ್ನು ಎಣಿಸುವುದೋ ಬಿಡುವುದೋ ವಕೀಲರ ವಿವೇಚನೆಗೆ ಸೇರಿದ್ದು. ಹುದ್ದೆಯ ಹೆಸರು ಬದಲಿಸುವ ಅಧಿಕಾರ ಮಾತ್ರ ನಮಗಿಲ್ಲ. ಇದು ಬರಿಯ ನಿಷ್ಠುರತೆಯಲ್ಲ. ಅದೇ ವ್ಯಕ್ತಿ ಹಿಂದೆ ವೀಸಾಕ್ಕೆ ಕೊಟ್ಟ ಕಾಗದಗಳೂ ಅಲ್ಲಿಯ ಅಧಿಕಾರಿಗಳ ಬಳಿ ಇರುತ್ತವೆ, ಎರಡರ ನಡುವೆ ವ್ಯತ್ಯಾಸ ಕಂಡರೆ ತೊಂದರೆ ಅರ್ಜಿದಾರರಿಗೇ.

ಹಳೆಯ ಕಂಪನಿ ಮುಚ್ಚಿಹೋಗಿದ್ದರೆ ಆಗಿನ ಸಹೋದ್ಯೋಗಿಯ ಅಫಿಡವಿಟ್, ಪಿಎಫ್ ದಾಖಲೆ, ಸಂಬಳದ ಚೀಟಿಗಳನ್ನು ಒಟ್ಟುಗೂಡಿಸಿ ಕೊಡಬಹುದು.

ಪತ್ರ ಒಮ್ಮೆ ಕೊಟ್ಟರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸರತಿ ಬಹಳ ಉದ್ದವಾಗಿದೆ. ಆ ನಡುವೆ ಕೆಲಸ ಬದಲಿಸಿದರೆ, ಐ-140 (ಪರ್ಮ್‌ನ ನಂತರ ಕಂಪನಿ ವಲಸೆ ಇಲಾಖೆಗೆ ಸಲ್ಲಿಸುವ ಅರ್ಜಿ) ಮಂಜೂರಾಗಿದ್ದವರಿಗೆ ಹಳೆಯ ಪ್ರಯಾರಿಟಿ ಡೇಟ್, ಅಂದರೆ ಸರತಿಯಲ್ಲಿನ ಸ್ಥಾನವನ್ನು ನಿರ್ಧರಿಸುವ ದಿನಾಂಕ, ಸಾಮಾನ್ಯವಾಗಿ ಉಳಿಯುತ್ತದಾದರೂ, ಹೆಚ್ಚಿನವರ ವಿಷಯದಲ್ಲಿ ಹೊಸ ಕಂಪನಿ ಪರ್ಮ್‌ನಿಂದಲೇ ಮತ್ತೆ ಆರಂಭಿಸಬೇಕು. ಆಗ ಪತ್ರವನ್ನು ಪುನಃ ಕೇಳುತ್ತಾರೆ, ಅಷ್ಟರಲ್ಲಿ ಇಲ್ಲಿ ಅವರ ಕೆಲಸವನ್ನು ಕಂಡವರೇ ಉಳಿದಿರುವುದಿಲ್ಲ.

ಆದ್ದರಿಂದ ಈಗ ರಾಜೀನಾಮೆ ಕೊಟ್ಟವರು ಮಾಡಿದ ಕೆಲಸಗಳ ಪಟ್ಟಿಗೆ ಅವರ ಕೊನೆಯ ವಾರದಲ್ಲೇ ತಂಡದ ಮುಖ್ಯಸ್ಥರ ಸಹಿ ಹಾಕಿಸಿ ಕಡತಕ್ಕೆ ಸೇರಿಸುತ್ತೇವೆ. ದುಬೈಗೆ ಹೊರಟವರು ‘ನನಗೇಕೆ ಇದು’ ಎಂದು ನಕ್ಕರೂ ಬಿಡುವುದಿಲ್ಲ.