ಸ್ಕ್ಯಾನ್ ನಾರ್ಮಲ್ ಅಂದರು, ಮತ್ತೆ ತಲೆ ಯಾಕೆ ಓಡುತ್ತಿಲ್ಲ?

ನಾನು ಡಾಕ್ಟರ್ ಅಲ್ಲ. ಮೆದುಳು ಮತ್ತು ಮೆದುಳಿನ ಸ್ಕ್ಯಾನ್‌ಗಳ ಬಗ್ಗೆ ಆಗಾಗ ಬರೆಯುತ್ತೇನೆ, ಅಷ್ಟೇ. ಹಾಗಾಗಿ ಮೈಟೊಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳ) ಕಾಯಿಲೆ ಇರುವ ಮನೆಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಾ ಇರುತ್ತದೆ. "ಎಂಆರ್‌ಐನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂದರು. ಆದರೂ ಇವರು ಮಾತಿನ ಮಧ್ಯೆ ತಡವರಿಸುತ್ತಾರೆ. ಎರಡು ಕೆಲಸ ಒಟ್ಟಿಗೆ ಕೊಟ್ಟರೆ ಎರಡೂ ಕೆಡುತ್ತವೆ. ಯಾಕೆ?" ಇದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ನೆ ನೆಪ ಹೇಳುತ್ತಿದ್ದಾರಾ?

ನೆಪ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಾಮಾನ್ಯ ಎಂಆರ್‌ಐ ತೋರಿಸುವುದು ಮೆದುಳಿನ ಆಕಾರವನ್ನು. ಎಲ್ಲಾದರೂ ಗಾಯ ಇದೆಯಾ, ಊತ ಇದೆಯಾ, ಯಾವುದಾದರೂ ಭಾಗ ಕುಗ್ಗಿದೆಯಾ ಅಂತ. ಊರಿನ ನಕ್ಷೆ ನೋಡಿದ ಹಾಗೆ. ರಸ್ತೆಗಳೆಲ್ಲ ಇದ್ದಲ್ಲೇ ಇವೆ. ಅವುಗಳ ಮೇಲೆ ಗಾಡಿಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆಯಾ ಅನ್ನುವುದು ನಕ್ಷೆಯಲ್ಲಿ ಕಾಣುವುದಿಲ್ಲ. ಈ ಕಾಯಿಲೆಯ ಅರ್ಧ ಕಥೆ ಇರುವುದು ಆ ಓಡಾಟದಲ್ಲಿ.

ಮೆದುಳಿನ ತೂಕ ದೇಹದ ತೂಕದ ಸುಮಾರು 2%. ಆದರೆ ನಾವು ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕದಲ್ಲಿ ಹತ್ತಿರ ಹತ್ತಿರ 20% ಅದಕ್ಕೇ ಹೋಗುತ್ತದೆ. ಗಮನ ಕೊಟ್ಟು ಲೆಕ್ಕ ಮಾಡಲು ಕೂತರೆ ಒಟ್ಟು ಖರ್ಚು ಎಷ್ಟು ಏರಬಹುದು? ಸಾಮಾನ್ಯವಾಗಿ 5% ಕೂಡ ಏರುವುದಿಲ್ಲ. ಅಂದರೆ ಸುಮ್ಮನಿದ್ದರೂ ಮೆದುಳಿಗೆ ಬಿಡುವಿಲ್ಲ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಮೇಲೆ ಒಳಗೆ ನುಗ್ಗಿದ ಸೋಡಿಯಮ್ಮನ್ನು ಹೊರಗೆ ತಳ್ಳಿ, ಮುಂದಿನ ಸುದ್ದಿಗೆ ಮತ್ತೆ ಸಜ್ಜಾಗಬೇಕು. ಖರ್ಚಿನ ದೊಡ್ಡ ಪಾಲು ಈ ಕೊಡು-ಕೊಳ್ಳುವ ಕೆಲಸಕ್ಕೇ. ಅದಕ್ಕೆ ಬೇಕಾದ ಎಟಿಪಿಯನ್ನು, ಅಂದರೆ ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ರಾಸಾಯನಿಕವನ್ನು, ಮಾಡಿಕೊಡುವವು ಮೈಟೊಕಾಂಡ್ರಿಯಾಗಳು.

ಅವುಗಳಿಗೆ ತಮ್ಮದೇ ಪುಟ್ಟ ಡಿಎನ್‌ಎ ಇದೆ. 16,569 ಅಕ್ಷರ, 37 ಜೀನ್. ಅದು ತಾಯಿಯಿಂದ ಬರುತ್ತದೆ. ಇಷ್ಟು ಕೇಳಿದವರು "ಇದು ತಾಯಿಯಿಂದ ಬರುವ ಕಾಯಿಲೆ" ಅಂತ ಮುಗಿಸಿಬಿಡುತ್ತಾರೆ. ಎಷ್ಟೋ ತಾಯಂದಿರು ಅದನ್ನು ತಮ್ಮ ತಪ್ಪು ಅಂತ ಹೊತ್ತುಕೊಂಡು ತಿರುಗುತ್ತಾರೆ. ಮೈಟೊಕಾಂಡ್ರಿಯಾ ನಡೆಯಲು ಸಾವಿರಕ್ಕೂ ಜಾಸ್ತಿ ಪ್ರೋಟೀನ್ ಬೇಕು. ಆ 37ರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಬರೀ 13. ಉಳಿದ ಪ್ರೋಟೀನ್‌ಗಳ ಜೀನ್‌ಗಳೆಲ್ಲ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿವೆ, ಅಪ್ಪ-ಅಮ್ಮ ಇಬ್ಬರಿಂದಲೂ ಬರುತ್ತವೆ. ದೋಷ ಅಲ್ಲೂ ಇರಬಹುದು. ಇನ್ನು ತಾಯಿಯಿಂದಲೇ ಬಂದರೂ ಅದರಲ್ಲಿ ಯಾರ ಕೈವಾಡವೂ ಇಲ್ಲ, ಅಲ್ವಾ?

ಇನ್ನೊಂದು ವಿಚಿತ್ರ ಇದೆ. ಒಂದೇ ಜೀವಕೋಶದ ಮೈಟೊಕಾಂಡ್ರಿಯಾಗಳಲ್ಲಿ ಸರಿಯಿರುವ ಡಿಎನ್‌ಎ, ಕೆಟ್ಟಿರುವ ಡಿಎನ್‌ಎ ಎರಡೂ ಬೆರೆತಿರಬಹುದು. ಕೆಟ್ಟದ್ದರ ಪಾಲು ಒಂದು ಮಿತಿ ದಾಟುವವರೆಗೆ ಜೀವಕೋಶ ಹೇಗೋ ಸಂಭಾಳಿಸುತ್ತದೆ. ಈ ಪಾಲು ಮೆದುಳಿನಲ್ಲಿ ಒಂದಿದ್ದರೆ ಸ್ನಾಯುವಿನಲ್ಲಿ ಇನ್ನೊಂದು. ಅದಕ್ಕೇ ಅಕ್ಕನಿಗೆ ಬರೀ ಕಿವಿ ಮಂದ, ಸಕ್ಕರೆ ಕಾಯಿಲೆ. ಅದೇ ದೋಷ ಇರುವ ತಮ್ಮನಿಗೆ ಫಿಟ್ಸ್.

ಈಗ ಮೊದಲು ಹೇಳಿದ ಓಡಾಟಕ್ಕೆ ಬರೋಣ, ಅಂದರೆ ಮೆದುಳಿನ ನೆಟ್‌ವರ್ಕ್ ವಿಷಯ. 1995ರಲ್ಲಿ ಭರತ್ ಬಿಸ್ವಾಲ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಒಂದು ವಿಷಯ ತೋರಿಸಿದರು. ಸ್ಕ್ಯಾನರ್‌ನಲ್ಲಿ ಏನೂ ಮಾಡದೆ ಮಲಗಿದ್ದಾಗಲೂ ಎಡಗೈಯನ್ನು ಆಡಿಸುವ ಜಾಗ ಮತ್ತು ಬಲಗೈಯನ್ನು ಆಡಿಸುವ ಜಾಗದ ಸಿಗ್ನಲ್ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಹೀಗೆ ಜೊತೆಜೊತೆಗೆ ಏರಿಳಿಯುವ ಜಾಗಗಳ ಗುಂಪನ್ನೇ ನೆಟ್‌ವರ್ಕ್ ಅನ್ನುವುದು. ಗಮನ ಕೊಡಲು ಒಂದು, ನೋಡಲು ಒಂದು, ಮನಸ್ಸು ಅಲೆಯುವಾಗ ಇನ್ನೊಂದು. ಎಲ್ಲ ಜಾಗಗಳ ಓಡಾಟ ಒಂದೇ ಥರ ಇರುವುದಿಲ್ಲ. ಕೆಲವು ಜಂಕ್ಷನ್‌ಗಳ ಹಾಗೆ, ದೂರ ದೂರದ ಸುದ್ದಿಗಳೆಲ್ಲ ಅಲ್ಲಿ ಹಾದು ಹೋಗುತ್ತವೆ. ಈ ಜಂಕ್ಷನ್‌ಗಳನ್ನು, ಉದ್ದದ ದಾರಿಗಳನ್ನು ನಡೆಸುವುದು ದುಬಾರಿ. ಶಕ್ತಿಗೆ ಬರ ಬಂದಾಗ ಏಟು ಜೋರಾಗಿ ಬೀಳುವುದು ಇಂಥ ಕಡೆ ಅನ್ನುವುದು ಈ ಕ್ಷೇತ್ರದ ಮುಖ್ಯ ಯೋಚನೆ.

ಆದರೆ "ಬ್ಯಾಟರಿ ವೀಕ್ ಆಗಿದೆ" ಅನ್ನುವ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬ್ಯಾಟರಿ ಇಳಿದ ಟಾರ್ಚ್ ಮಂಕಾಗುತ್ತದೆ, ಅಷ್ಟೇ. ಮೆದುಳು ಬರೀ ಮಂಕಾಗುವುದಿಲ್ಲ, ಅದರ ತಾಳ ತಪ್ಪುತ್ತದೆ. ಮೆದುಳಿನಲ್ಲಿ "ಸಾಕು, ನಿಲ್ಲು" ಅಂತ ಬ್ರೇಕ್ ಹಾಕುವ ಪುಟ್ಟ ನರಕೋಶಗಳಿವೆ. ಇವುಗಳಲ್ಲಿ ಪಾರ್ವಾಲ್ಬುಮಿನ್ ಅನ್ನುವ ಪ್ರೋಟೀನ್ ಇರುವ ಜಾತಿಯವು ಬಹಳ ಚುರುಕು. ಸುತ್ತಲಿನ ನರಕೋಶಗಳು ಒಟ್ಟಿಗೆ ಮಿಡಿಯುವಂತೆ ತಾಳ ಹಾಕುವುದೇ ಇವುಗಳ ಕೆಲಸ. ಸೆಕೆಂಡಿಗೆ 30ರಿಂದ 80 ಸಲ ಬಡಿಯುವ ಗಾಮಾ ಅಲೆ ಹುಟ್ಟುವುದು ಇವುಗಳಿಂದ. ಇಷ್ಟು ಓಡಬೇಕಾದ ಕೋಶದ ಹೊಟ್ಟೆಯೂ ದೊಡ್ಡದು. ಈ ಕಾಯಿಲೆಯಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದಾಗ, ಇಂಥ ಬ್ರೇಕ್ ಕೋಶಗಳಲ್ಲೇ ಶಕ್ತಿ ಮಾಡುವ ಪ್ರೋಟೀನ್‌ಗಳ ಕೊರತೆ ಎದ್ದು ಕಂಡಿದೆ.

ಬ್ರೇಕ್ ಸಡಿಲವಾದರೆ ಎರಡು ತೊಂದರೆ. ಒಂದು, ಫಿಟ್ಸ್. ಇನ್ನೊಂದು, ತಾಳ ತಪ್ಪಿದ್ದರಿಂದ ಒಂದು ಜಾಗದ ಮಾತು ಇನ್ನೊಂದು ಜಾಗಕ್ಕೆ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಮಾತಿನ ಮಧ್ಯೆ ಪದ ಕೈಕೊಡುವುದಕ್ಕೆ, ಎರಡು ಕೆಲಸ ಒಟ್ಟಿಗೆ ಆಗದಿರುವುದಕ್ಕೆ ನಾನು ಕೊಡುವ ಉತ್ತರ ಇದು. ಪದ ಎಲ್ಲಿಗೂ ಹೋಗಿಲ್ಲ. ಅದು ಬರುವ ಹೊತ್ತಿಗೆ ಮಾತು ಮುಂದೆ ಹೋಗಿರುತ್ತದೆ.

ಇದಕ್ಕೆ ಹೊಂದುವ ಗುರುತುಗಳೂ ಇವೆ. ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 3243ನೇ ಅಕ್ಷರ ಬದಲಾಗಿರುವವರನ್ನೇ ನೋಡಿ. ಈ ದೋಷ 1990ರಲ್ಲಿ ಪತ್ತೆಯಾಯಿತು. ಮೆಲಾಸ್ ಅನ್ನುವ ಮೈಟೊಕಾಂಡ್ರಿಯಾದ ಕಾಯಿಲೆ ಇರುವವರಲ್ಲಿ ಸುಮಾರು 80% ಜನರಲ್ಲಿ ಇದೇ ದೋಷ. ಇವರಿಗೆ ಕಷ್ಟವಾಗುವುದು ಹೆಚ್ಚಾಗಿ ಗಮನ, ಯೋಜನೆ, ಕೆಲಸದ ವೇಗ, ಅಂತರ-ಆಕಾರಗಳ ಅಂದಾಜು. ಇವೆಲ್ಲ ಹಲವು ಜಾಗಗಳು ಕೂಡಿ ಮಾಡುವ ಕೆಲಸಗಳು. ಮೆಲಾಸ್‌ನಲ್ಲಿ ಬರುವ ಸ್ಟ್ರೋಕ್ ಥರದ ದಾಳಿಯೂ ಹಾಗೇ. ಮಾಮೂಲಿ ಸ್ಟ್ರೋಕ್‌ನಲ್ಲಿ ಒಂದು ರಕ್ತನಾಳ ಕಟ್ಟಿಕೊಂಡು, ಅದು ರಕ್ತ ಕೊಡುವ ಜಾಗ ಕೆಡುತ್ತದೆ. ಇಲ್ಲಿ ಗಾಯ ರಕ್ತನಾಳದ ಗಡಿ ಲೆಕ್ಕಿಸದೆ ಪಕ್ಕಕ್ಕೆ ಹರಡುತ್ತದೆ, ಎಷ್ಟೋ ಸಲ ಫಿಟ್ಸ್ ಜೊತೆಗೇ.

ನೆಟ್‌ವರ್ಕ್ ನೋಡುವ ಸ್ಕ್ಯಾನ್‌ಗೆ ಫಂಕ್ಷನಲ್ ಎಂಆರ್‌ಐ ಅನ್ನುತ್ತಾರೆ. ಅದರ ಬಣ್ಣಬಣ್ಣದ ಚಿತ್ರ ನೋಡಿ ಮರುಳಾಗಬೇಡಿ. ಅದು ನೇರವಾಗಿ ನರಕೋಶವನ್ನು ನೋಡುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅನ್ನುವುದರಿಂದ ಊಹೆ ಮಾಡುತ್ತದೆ. ಈ ಕಾಯಿಲೆಯಲ್ಲಿ ಕೆಟ್ಟಿರುವುದೇ ಆಮ್ಲಜನಕದ ಬಳಕೆ! ಅಳತೆಗೋಲೇ ರಬ್ಬರಿನದಾದರೆ ಹೇಗೆ? ಎರಡು ಜಾಗಗಳ ಸಂಬಂಧ ಸಡಿಲವಾಗಿ ಕಂಡರೆ ನರಗಳ ಮಾತುಕತೆ ಕಮ್ಮಿಯಾಗಿರಬಹುದು, ಅಥವಾ ಬರೀ ರಕ್ತದ ಹರಿವು ಬದಲಾಗಿರಬಹುದು. ಸಂಬಂಧ ಗಟ್ಟಿಯಾಗಿ ಕಂಡರೆ "ಮೆದುಳು ಕೊರತೆಯನ್ನು ತುಂಬಿಕೊಳ್ಳುತ್ತಿದೆ" ಅಂತ ಬರೆಯುವ ಚಾಳಿ ಬೇರೆ ಇದೆ. ಕಮ್ಮಿಯಾದರೆ ಹಾನಿ, ಜಾಸ್ತಿಯಾದರೆ ಜಾಣತನ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದ ಹಾಗೆ. ಬ್ರೇಕ್ ಸಡಿಲವಾಗಿದ್ದರೂ ಸಂಬಂಧ ಜಾಸ್ತಿ ಕಾಣಬಹುದಲ್ಲ?

"ಹಾಗಾದರೆ ನಮ್ಮವರಿಗೂ ಆ ಸ್ಕ್ಯಾನ್ ಮಾಡಿಸೋಣವಾ?" ಬೇಡ ಅನ್ನುತ್ತೇನೆ. ಒಂದು ಗುಂಪನ್ನು ಇನ್ನೊಂದರ ಜೊತೆ ಹೋಲಿಸಲು ಅದು ಸರಿ. ಒಬ್ಬರ ಕಾಯಿಲೆ ಎಷ್ಟಿದೆ ಅಂತ ಹೇಳಲು ಅದರಿಂದ ಆಗುವುದಿಲ್ಲ. ಅದರ ಬದಲು ಗಮನ, ನೆನಪು, ವೇಗಗಳನ್ನು ಕೂರಿಸಿ ಪರೀಕ್ಷಿಸುವ ನ್ಯೂರೋಸೈಕಾಲಜಿ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಒಂದು ಕ್ಷಣ ಕಳೆದುಹೋದಂತೆ ಆಗುತ್ತಿದ್ದರೆ ಅದನ್ನೂ ಹೇಳಿ, ಅದು ಸಣ್ಣ ಫಿಟ್ಸ್ ಇರಬಹುದು, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಬೇಕಾಗಬಹುದು. ಫಿಟ್ಸ್‌ಗೆ ಔಷಧಿ ಬರೆಯುವ ಮುಂಚೆ ಮೈಟೊಕಾಂಡ್ರಿಯಾದ ಕಾಯಿಲೆ ಇದೆ ಅಂತ ತಿಳಿಸುವುದು ಮುಖ್ಯ. ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ನಕಲು ಮಾಡಲು ಬೇಕಾದ ಪೋಲ್‌ಜಿ ಜೀನ್‌ನಲ್ಲಿ ದೋಷ ಇರುವವರಿಗೆ ವಾಲ್‌ಪ್ರೊಯೇಟ್ ಅನ್ನುವ ಫಿಟ್ಸ್ ಔಷಧಿ ಕೊಟ್ಟರೆ ಲಿವರ್‌ಗೆ ದೊಡ್ಡ ಅಪಾಯ.

ಇಷ್ಟೆಲ್ಲ ಆದ ಮೇಲೆ ಕೊನೆಗೊಂದು ಸಣ್ಣ ಪ್ರಶ್ನೆ ಬರುತ್ತದೆ. ಅವರು ಮಾತಿನ ಮಧ್ಯೆ ನಿಂತಾಗ ನಾವು ಪದ ಹೇಳಿಕೊಡಬೇಕಾ, ಸುಮ್ಮನೆ ಕಾಯಬೇಕಾ? ಅದನ್ನು ಅವರನ್ನೇ ಕೇಳಿ. ಕೆಲವರಿಗೆ ಹೇಳಿಕೊಟ್ಟರೆ ನಿರಾಳ. ಕೆಲವರಿಗೆ ಕೆಟ್ಟ ಸಿಟ್ಟು ಬರುತ್ತದೆ.