ಸವದತ್ತಿ ಬಸ್ಸಿನಲ್ಲಿ
ಬೆಳಗಾವಿಯಿಂದ ಸವದತ್ತಿ ಬಸ್ ಹತ್ತಿದ್ದೆ. ಪಕ್ಕದಲ್ಲಿ ಸೀರೆ ಉಟ್ಟ ಜೋಗಪ್ಪ, ಗಂಡಾಗಿ ಹುಟ್ಟಿ ಎಲ್ಲಮ್ಮನ ಸೇವೆಯಲ್ಲಿ ಹೆಣ್ಣಾಗಿ ಬದುಕುವವರು. ಮಡಿಲಲ್ಲಿ ಹಿತ್ತಾಳೆ ಕೊಡ, ಬೆರಳಿಗೆಲ್ಲ ಭಂಡಾರದ ಹಳದಿ. ಹಿಂದಿನ ಸೀಟಿನವನು, 'ಇದೂ ಒಂದ್ ನಮೂನಿ ತಲಿ ಜಡ್ಡು ಅಲ್ಲೇನ್ರಿ?' ಅಂದ. ಮೆಲ್ಲಗೆ ಅಂದಿದ್ದ, ಆದರೂ ಎಲ್ಲರಿಗೂ ಕೇಳಿಸಿತು. ಅವರು ತಿರುಗಿ ನೋಡಲಿಲ್ಲ. ಕೊಡ ಜಾರದಂತೆ ಹಿಡಿದುಕೊಂಡರು, ಅಷ್ಟೇ.

ಹುಟ್ಟಿನ ಲಿಂಗ ಒಂದು, ಮನಸ್ಸಿಗೆ ತನ್ನದು ಅನಿಸುವ ಲಿಂಗ ಇನ್ನೊಂದು ಆಗಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿತು. ಪೂರ್ತಿ ಕೈಬಿಡಲಿಲ್ಲ. ಹಾರ್ಮೋನು, ಸರ್ಜರಿ ಬೇಕಾದವರಿಗೆ ಆಸ್ಪತ್ರೆ ಬಾಗಿಲು ಮುಚ್ಚಬಾರದಲ್ವಾ? ನನಗಂತೂ ಇದೇ ಸರಿ ಅನಿಸುತ್ತೆ. ಮನಸ್ಸಿಗೆ ನೋವು ಇಲ್ಲ ಅಂತಲ್ಲ. ಅದು ಜಾಸ್ತಿ ಬರೋದು ಹಿಂದಿನ ಸೀಟಿನಿಂದ.

ಸವದತ್ತಿಯಲ್ಲಿ ಇಳಿದಾಗ ಅದೇ ಮನುಷ್ಯ ಬಗ್ಗಿ ನಿಂತು ಹಣೆಗೆ ಭಂಡಾರ ಹಚ್ಚಿಸಿಕೊಂಡ. ಅವರ ಕೈಯಿಂದಲೇ!